ಎಳೆಸಿಕೊಂಡ ಕಾರಿನಲ್ಲಿ ಕೂತವರು

ಕೆಟ್ಟು ನಿಂತ ಕಾರನ್ನು ಇನ್ನೊಂದು ಕಾರಿಗೆ ಕಟ್ಟಿ ಎಳೆಯುವುದಕ್ಕೂ ಕಾನೂನಿದೆ ಎಂದು ನಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿದ ದಿನ ಯಾರಾದರೊಬ್ಬರು ನಗದೆ ಇರುವುದಿಲ್ಲ. ಹಗ್ಗ ಕಟ್ಟಿ ಎಳೆಯೋದಕ್ಕೂ ರೂಲ್ಸಾ ಮೇಡಂ ಎನ್ನುತ್ತಾರೆ. ಇದೆ. ಎರಡು ಕಾರುಗಳ ನಡುವಿನ ಅಂತರ ಐದು ಮೀಟರ್ ದಾಟಬಾರದು. ಹಗ್ಗವೋ ಸರಪಳಿಯೋ, ರಸ್ತೆಯಲ್ಲಿರುವ ಬೇರೆಯವರ ಕಣ್ಣಿಗೆ ತಟ್ಟನೆ ಬೀಳುವಂತಿರಬೇಕು. ಹಿಂದಿನ ಕಾರಿನ ಬೆನ್ನಿಗೆ ಬಿಳಿ ಹಲಗೆಯ ಮೇಲೆ ಮೂರು ಇಂಚು ಎತ್ತರದ ಕಪ್ಪು ಅಕ್ಷರದಲ್ಲಿ ‘ಆನ್ ಟೋ’, ಅಂದರೆ ಎಳೆಸಿಕೊಂಡು ಬರುತ್ತಿದೆ, ಎಂದು ಬರೆದು ತೂಗುಹಾಕಬೇಕು. ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಮೀರಬಾರದು. ಅದೂ ಹತ್ತಿರದ ಗ್ಯಾರೇಜಿಗೋ ಪೆಟ್ರೋಲ್ ಬಂಕಿಗೋ ಎಳೆದೊಯ್ಯಬಹುದೇ ಹೊರತು ಊರೆಲ್ಲ ಮೆರವಣಿಗೆ ಮಾಡುವಂತಿಲ್ಲ. ಇನ್ನು, ಎಳೆಸಿಕೊಳ್ಳುವ ಕಾರಿನ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರೇ ಕೂತಿರಬೇಕು. ಇದನ್ನು ಹೇಳಿದಾಗ ನಗು ಇನ್ನೂ ಜೋರಾಗುತ್ತದೆ. ಇಂಜಿನ್ನೇ ಓಡದ ಕಾರಿಗೆ ಡ್ರೈವರ್ ಯಾಕೆ ಎಂಬುದು ಅವರ ತರ್ಕ. ಆ ನಗುವನ್ನು ಈಗ ನನ್ನಿಂದ ಸಹಿಸಲಾಗುವುದಿಲ್ಲ.

ಆ ವರ್ಷ ದಸರೆಗೆ ಇನ್ನೊಂದು ವಾರವಿರುವಾಗ ಕುವೆಂಪುನಗರದ ನನ್ನ ಆಫೀಸಿಗೆ ಒಬ್ಬ ನಿವೃತ್ತ ಅಧಿಕಾರಿ ಬಂದರು. ಇಡೀ ಬಡಾವಣೆ ಅವರನ್ನು ಸಾಹೇಬರು ಎಂದೇ ಕರೆಯುತ್ತದೆ. ಅವರ ಮಗಳು ನಮ್ಮಲ್ಲೇ ಕಾರು ಕಲಿತವಳು. ಸಾಹೇಬರ ಹಳೆಯ ಕಾರೊಂದು ಇಂಜಿನ್ ಹಿಡಿದುಕೊಂಡು ಶೆಡ್ಡಿನಲ್ಲೇ ಧೂಳು ತಿನ್ನುತ್ತಿತ್ತು. ಅದನ್ನು ಆಯುಧಪೂಜೆಯ ದಿನ ಅಗ್ರಹಾರದ ಗುಡಿಗೆ ಎಳೆದುಕೊಂಡು ಹೋಗಬೇಕು, ನಿಮ್ಮ ಸ್ಕೂಲಿನ ಕಾರೊಂದನ್ನು ಕೊಡಿ ಎಂದರು. ಅವರ ತಾತ ಅರಮನೆಯ ಕೆಲಸದಲ್ಲಿದ್ದವರು. ಅಗ್ರಹಾರದ ಮನೆ ಯಾವತ್ತೋ ಕೈಬಿಟ್ಟು ಹೋಗಿದ್ದರೂ ಆ ಬೀದಿಯ ಗುಡಿಯನ್ನು ಈ ವಂಶ ಬಿಟ್ಟಿರಲಿಲ್ಲ. ಮನೆಯ ಗಾಡಿಗಳಿಗೆಲ್ಲ ಅಲ್ಲೇ ಪೂಜೆ. ಹಿಂದಿನ ವರ್ಷ ಓಡದ ಕಾರೆಂದು ಇದನ್ನು ಬಿಟ್ಟು ಹೋಗಿದ್ದರು. ಸಂಕ್ರಾಂತಿಯ ಹೊತ್ತಿಗೆ ಸಾಹೇಬರ ಎದೆಗೆ ಸ್ಟೆಂಟ್ ಹಾಕಿಸಬೇಕಾಯಿತು. ಪೂಜೆ ತಪ್ಪಿದ್ದಕ್ಕೇ ಹೀಗಾಯಿತೆಂದು ಅವರ ಮನೆಯಾಕೆ ಹಿಡಿದ ಪಟ್ಟು ಬಿಟ್ಟಿರಲಿಲ್ಲ.

ನಾನು ಕಾನೂನನ್ನು ಬಿಡಿಸಿ ಹೇಳಿದೆ. ಗುಡಿ ಗ್ಯಾರೇಜಲ್ಲ. ಹೋಗಲೇಬೇಕೆಂದಿದ್ದರೆ ಕಾರನ್ನೇ ಬೆನ್ನ ಮೇಲೆ ಹೊತ್ತೊಯ್ಯುವ ಲಾರಿ ಸಿಗುತ್ತದೆ, ಅದನ್ನು ಕರೆಸಿ ಎಂದೆ. ಸಾಹೇಬರ ಮುಖ ಹುಳ್ಳಗಾಯಿತು. ಒಳ್ಳೆಯ ದಿನ ಮನೆಯ ಗಾಡಿಯನ್ನು ಹೆಣ ಹೊತ್ತ ಹಾಗೆ ಹೊತ್ತುಕೊಂಡು ದೇವರ ಮುಂದೆ ನಿಲ್ಲಬೇಕೇ ಎಂದು ಕೇಳಿದರು. ಹಿಂದೆ ಹಲಗೆ ತೂಗುಹಾಕುವ ಮಾತಂತೂ ಅವರಿಗೆ ಅಪಶಕುನವಾಗಿ ಕೇಳಿಸಿತು. ಹೂವಿನ ಹಾರ ಹಾಕುವ ಜಾಗದಲ್ಲಿ ‘ಕೆಟ್ಟಿದೆ’ ಎಂದು ಬರೆದುಕೊಂಡು ಹೋಗುವವರು ಯಾರಿದ್ದಾರೆ ಎಂದರು. ಕಾರು ಕೊಡುವುದಿಲ್ಲ ಎಂದು ಹೇಳಿ ಕಳಿಸಿದೆ.

ಸಾಹೇಬರು ಹೊರಟ ಬೆನ್ನಿಗೇ ನಮ್ಮ ಮೇಷ್ಟ್ರು ಒಳಗೆ ಬಂದರು. ಕಲಿಯುವವರ ಪಕ್ಕ ಕೂತು ಪಾಠ ಹೇಳುವವರು ಅವರು. ಸ್ಕೂಲು ಶುರುವಾದಾಗಿನಿಂದ ನನ್ನ ಜೊತೆ ಇದ್ದರು. ಭಯಕ್ಕೆ ಕೈಕಾಲು ನಡುಗುವ ಹೆಂಗಸರನ್ನೂ ತಿಂಗಳೊಳಗೆ ಚಾಮುಂಡಿಬೆಟ್ಟ ಹತ್ತಿಸಿ ಇಳಿಸುತ್ತಿದ್ದರು. ಅವರ ಮಗಳು ಹತ್ತನೇ ಕ್ಲಾಸಿನಲ್ಲಿದ್ದಳು, ಸಾಹೇಬರು ಒಂದು ಒಳ್ಳೆಯ ಪಿಯು ಕಾಲೇಜಿನ ಕಮಿಟಿಯಲ್ಲಿದ್ದರು. ಒಂದು ಸಣ್ಣ ಉಪಕಾರ ಮಾಡಿದ್ದರೆ ನಮ್ಮ ಗಂಟೇನು ಹೋಗುತ್ತಿತ್ತು ಎಂದು ಮೇಷ್ಟ್ರು ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಯುಧಪೂಜೆಯ ದಿನ ನಮ್ಮ ಅಂಗಳದಲ್ಲಿ ಸ್ಕೂಲಿನ ಕಾರುಗಳನ್ನು ತೊಳೆದು ಸಾಲಾಗಿ ನಿಲ್ಲಿಸಿ, ಬಾಳೆಕಂದು ಕಟ್ಟಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟಿದ್ದೆವು. ಕಲಿಯಲು ಬರುವವರೂ ಸೇರಿದ್ದರು. ಮಂಗಳಾರತಿ ಆಯಿತು. ಮೇಷ್ಟ್ರು ಬೂದುಗುಂಬಳಕಾಯಿಯನ್ನು ಕಾರುಗಳಿಗೆ ನಿವಾಳಿಸಿ ರಸ್ತೆಗೆ ಅಪ್ಪಳಿಸಿದರು. ನಾವು ಪ್ರಸಾದದ ಚರುಪು ಹಂಚುತ್ತಿದ್ದಾಗ ಅವರ ಫೋನು ಬಡಿದುಕೊಂಡಿತು. ಮಾತಾಡಿದ್ದು ಸಾಹೇಬರ ಅಳಿಯ. ಹಳೆಯ ಕಾರು ಅಗ್ರಹಾರದ ಬೀದಿಯಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿದೆ, ಯಾರಿಗೂ ಅಲ್ಲಾಡಿಸಲಾಗುತ್ತಿಲ್ಲ, ಬೇಗ ಬನ್ನಿ ಎಂದನಂತೆ. ಕಾರು ಕೊಡದಿದ್ದವಳಿಗೆ ಕುತೂಹಲವೂ ಇತ್ತು, ನೋಡಿದಿರಾ ನಾನು ಹೇಳಿರಲಿಲ್ಲವೇ ಎನ್ನುವ ಚಪಲವೂ ಇತ್ತು. ಮೇಷ್ಟ್ರ ಜೊತೆ ನಾನೂ ಹೊರಟೆ.

ಆ ದಿನ ಮೈಸೂರಿನ ರಸ್ತೆಗಳಲ್ಲಿ ಹೆಜ್ಜೆಗೊಂದು ಒಡೆದ ಕುಂಬಳಕಾಯಿ ಬಿದ್ದಿರುತ್ತದೆ. ತಿರುಳಿನ ಲೋಳೆ, ಅದರ ಮೇಲೆ ಕುಂಕುಮ, ಅದರ ಮೇಲೆ ಸ್ಕೂಟರುಗಳು ಜಾರುವುದು. ಅಗ್ರಹಾರದ ಆ ಬೀದಿಯೂ ಹಾಗೇ ಇತ್ತು. ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಕುಂಬಳಕಾಯಿಗಳ ಮಧ್ಯೆ ಸಾಹೇಬರ ಕಾರು ಮೂತಿ ತೂರಿಸಿಕೊಂಡು ನಿಂತಿತ್ತು. ಬಾನೆಟ್ಟಿನ ಮೇಲೆ ಗಂಧದ ಬೊಟ್ಟು, ಎರಡು ಬಾಳೆಕಂದು. ಮುಂದೆ ಹಗ್ಗ ಬಿದ್ದಿತ್ತು. ಬಟ್ಟೆ ಒಣಹಾಕುವ ನೈಲಾನ್ ಹಗ್ಗವನ್ನು ಮೂರೆಳೆ ಹೊಸೆದದ್ದು. ಅದು ಕಾಣಬಾರದೆಂದು ಉದ್ದಕ್ಕೂ ಚೆಂಡುಹೂವಿನ ಹಾರ ಸುತ್ತಿದ್ದರು. ಕಣ್ಣಳತೆಯಲ್ಲೇ ಹತ್ತು ಮೀಟರಿನ ಹತ್ತಿರವಿತ್ತು. ಹಿಂದೆ ಹಲಗೆ ಇರಲಿಲ್ಲ, ಆ ಜಾಗದಲ್ಲಿ ಹಾರ ಇತ್ತು. ಎಳೆಯುತ್ತಿದ್ದ ಅಳಿಯನ ದೊಡ್ಡ ಕಾರು ಅಲ್ಲಿರಲಿಲ್ಲ.

ಹತ್ತಿರ ಹೋಗಿ ನೋಡೋಣವೆಂದು ನಾನು ಕಾಲಿಟ್ಟಾಗ ಪಕ್ಕದ ಅಂಗಡಿಯವರು ತಡೆದರು.

“ಅಲ್ಲಿ ಕಾಲಿಡ್ಬೇಡಿ ಕಣಮ್ಮ. ಅದು ಕುಂಕುಮ ಅಲ್ಲ.”

ಕುಂಬಳಕಾಯಿ ಮಾರುತ್ತಿದ್ದ ಹೆಂಗಸಿನ ರಕ್ತ ಅದು. ಕಾರು ಕಾಯಿಗಳ ಗುಡ್ಡೆಗೂ ಅವಳ ಕಾಲಿಗೂ ಒಟ್ಟಿಗೇ ನುಗ್ಗಿತ್ತು. ಮೂಳೆ ಹೊರಗೆ ಬಂದಿತ್ತಂತೆ. ಅಂಗಡಿಯವರೇ ಅವಳನ್ನು ಆಟೋದಲ್ಲಿ ಮಲಗಿಸಿ ದೊಡ್ಡಾಸ್ಪತ್ರೆಗೆ ಕಳಿಸಿದ್ದರು. ಕಾರಿನವರೆಲ್ಲಿ ಎಂದು ಕೇಳಿದೆ. ಅಂಗಡಿಯವರು ಬಾಯಲ್ಲಿ ಹೇಳದೆ ಗದ್ದವೆತ್ತಿ ಗುಡಿಯ ಕಡೆ ತೋರಿಸಿದರು. ಅಲ್ಲಿಂದ ಗಂಟೆಯ ಸದ್ದು ಬರುತ್ತಿತ್ತು.

ಹೋಗಿ ನೋಡಿದರೆ ಅಳಿಯನ ಕಾರಿಗೆ ಪೂಜೆ ನಡೆಯುತ್ತಿದೆ. ಅರ್ಚಕರು ಆರತಿ ಎತ್ತುತ್ತಿದ್ದಾರೆ, ಮನೆಯಾಕೆ ತಟ್ಟೆ ಹಿಡಿದು ನಿಂತಿದ್ದಾರೆ, ಸಾಹೇಬರು ಕಟ್ಟೆಯ ಮೇಲೆ ಕೂತು ಎದೆ ಸವರಿಕೊಳ್ಳುತ್ತಿದ್ದಾರೆ. ನನ್ನನ್ನು ಕಂಡು ಅಳಿಯ, ರಾಹುಕಾಲ ಬಂದುಬಿಡುತ್ತಿತ್ತು, ಇದೊಂದನ್ನಾದರೂ ಮುಗಿಸಿಬಿಡೋಣ ಅಂತ ಎಂದ. ಆ ಬೀದಿಯಲ್ಲಿ ಒಬ್ಬಳ ರಕ್ತ ಇನ್ನೂ ಹಸಿಯಾಗಿತ್ತು. ಇವರು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಅದು ಸರಿಯಾಗಿ ಚಪ್ಪಟೆಯಾಯಿತೇ ಎಂದು ಬಗ್ಗಿ ನೋಡುತ್ತಿದ್ದರು. ಅರ್ಚಕರು ಚಾಚಿದ ಮಂಗಳಾರತಿಗೆ ಕೈ ಒಡ್ಡಲು ಆಗಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಹಳೆಯ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು, ನಾಲ್ಕು ಜನರಿಂದ ಹಿಂದಕ್ಕೆ ತಳ್ಳಿಸಲು ನೋಡುತ್ತಿದ್ದರು. ಕಾರು ಜರುಗಿದರೂ ಸ್ಟಿಯರಿಂಗ್ ಒಂದಿಷ್ಟೂ ತಿರುಗುತ್ತಿರಲಿಲ್ಲ. ಬಗ್ಗಿ ನೋಡಿದವರೇ ಕತ್ತು ಹೊರಗೆ ಹಾಕಿ, ಕೀ ಎಲ್ಲಿ, ಕೀ ತೆಗೆದವರು ಯಾರು ಎಂದು ಕೇಳಿದರು. ಮನೆಯಾಕೆ ಗುಡಿಯಿಂದ ತಟ್ಟೆ ಹಿಡಿದುಕೊಂಡೇ ಬಂದರು.

“ನಾನೇ ತೆಗ್ದೆ ಕಣಪ್ಪ. ಬರ್ತಾ ಹೂವಿನಂಗಡಿ ಹತ್ರ ನಿಲ್ಲಿಸಿದ್ವಲ್ಲ, ಆಗ್ಲೇ ತೆಗೆದು ತಟ್ಟೇಲಿಟ್ಕೊಂಡೆ. ಪೂಜೆಗೆ ಮುಂಚೆ ಕೀ ತಟ್ಟೇಲಿರ್ಬೇಕಲ್ಲ. ಇಂಜಿನ್ನೇ ಓಡ್ತಿರ್ಲಿಲ್ಲ, ಅದ್ಕೆ ಕೀ ಯಾಕೆ?”

ಆ ಮನೆಯ ಪದ್ಧತಿ ಅದು. ಆಯುಧಪೂಜೆಯಲ್ಲಿ ಗಾಡಿಗಳ ಕೀಗಳೆಲ್ಲ ತಟ್ಟೆಯಲ್ಲಿ ಅಕ್ಷತೆಯ ಜೊತೆ ಕೂತು ಮೊದಲು ದೇವರ ಮುಂದೆ ಹೋಗುತ್ತವೆ. ಓಡುವ ಕಾರಿನ ಕೀಯನ್ನು ಓಡುವಾಗ ಯಾರೂ ಕೀಳುವುದಿಲ್ಲ. ಇದು ಓಡದ ಕಾರು, ಆದ್ದರಿಂದ ಆಕೆಗೆ ಅಡ್ಡಿ ಕಾಣಲಿಲ್ಲ, ಪಕ್ಕದಲ್ಲಿದ್ದವರಿಗೂ ಕಾಣಲಿಲ್ಲ. ಕೀ ತೆಗೆದ ಮೇಲೆ ಸ್ಟಿಯರಿಂಗನ್ನು ಸ್ವಲ್ಪ ತಿರುಗಿಸಿದರೆ ಸಾಕು, ಒಳಗಿನ ಒಂದು ಮೊಳೆ ಟಕ್ಕೆಂದು ಕೂತು ಅದನ್ನು ಬಿಗಿದುಬಿಡುತ್ತದೆ. ಕಳ್ಳರ ಕಾಟಕ್ಕೆಂದು ಮಾಡಿದ ಬೀಗ ಅದು. ನಾವು ಮೊದಲನೇ ದಿನದ ಪಾಠದಲ್ಲೇ ಇದನ್ನು ಕೈಯಾರೆ ಮಾಡಿ ತೋರಿಸುತ್ತೇವೆ. ಹೂವಿನ ಅಂಗಡಿಯಿಂದ ನೆಟ್ಟಗೆ ಬಂದಷ್ಟು ಹೊತ್ತು ಏನೂ ಗೊತ್ತಾಗಿಲ್ಲ. ಮೂಲೆಯಲ್ಲಿ ಮುಂದಿನ ಕಾರು ಎಡಕ್ಕೆ ಹೊರಳಿದೆ. ಹಗ್ಗ ಉದ್ದವಾಗಿದ್ದರಿಂದ ಹಿಂದಿನದು ಇನ್ನೂ ನೆಟ್ಟಗೇ ಬರುತ್ತಿದೆ. ತಿರುಗಿಸಲು ಹೋದರೆ ಸ್ಟಿಯರಿಂಗ್ ಬೀಗ ಹಾಕಿಕೊಂಡಿದೆ. ಬ್ರೇಕ್ ಒತ್ತಿದರೆ ಅದೂ ಕಲ್ಲು. ಇಂಜಿನ್ ಓಡದಿದ್ದರೆ ಬ್ರೇಕಿಗೆ ಒತ್ತಾಸೆ ಇರುವುದಿಲ್ಲ, ಮೈಭಾರವೆಲ್ಲ ಹಾಕಿ ತುಳಿಯಬೇಕು. ಎದೆಗೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅಷ್ಟು ತುಳಿಯಲು ಎಲ್ಲಿಂದ ಬರಬೇಕು? ಸೀಟಿನಲ್ಲಿದ್ದವರು ಸಾಹೇಬರೇ. ಅವರ ಲೈಸೆನ್ಸಿನ ಅವಧಿ ಮುಗಿದಿತ್ತು. ಹೊಸದು ಮಾಡಿಸಲು ವೈದ್ಯರ ಸರ್ಟಿಫಿಕೇಟ್ ಬೇಕೆಂದು ಅತ್ತ ತಲೆಹಾಕಿರಲಿಲ್ಲ.

ಕುಂಕುಮ, ಅಕ್ಕಿಕಾಳು ಮೆತ್ತಿದ್ದ ಕೀಯನ್ನು ಮೇಷ್ಟ್ರು ಪ್ಯಾಂಟಿಗೆ ಒರೆಸಿ ಹಾಕಿದರು. ಸ್ಟಿಯರಿಂಗ್ ತಿರುಗಿತು. ಅವರು ಸೀಟಿನಲ್ಲಿ ಕೂತು ಕಾರನ್ನು ಬದಿಗೆ ತಂದು ನಿಲ್ಲಿಸುವುದನ್ನು ಇಡೀ ಬೀದಿ ನೋಡಿತು. ಇದರಿಂದ ಮುಂದೆ ಏನಾಗಬಹುದೆಂದು ಆಗ ನನಗೆ ಹೊಳೆಯಲಿಲ್ಲ.

ಮಾರನೆಯ ದಿನ ವಿಜಯದಶಮಿ. ಅಂಗಡಿಯವರು ಠಾಣೆಗೆ ಹೋಗಿದ್ದರಂತೆ. ಇದ್ದಬದ್ದ ಸಿಬ್ಬಂದಿಯೆಲ್ಲ ಜಂಬೂಸವಾರಿಯ ಬಂದೋಬಸ್ತಿಗೆ ಹೋಗಿದ್ದರು. ಬಾಗಿಲಲ್ಲಿದ್ದ ಪೇದೆ, ಮೆರವಣಿಗೆ ಮುಗಿಯಲಿ ಬನ್ನಿ ಎಂದು ಕಳಿಸಿದ್ದ. ಆ ಒಂದು ದಿನದ ಬಿಡುವು ಸಾಹೇಬರ ಮನೆಯವರಿಗೆ ಸಾಕಾಯಿತು.

ಸಂಜೆ ನನ್ನ ಮನೆಗೆ ಬಂದರು. ಸಾಹೇಬರು, ಅಳಿಯ, ಅವರ ಹಿಂದೆ ತಲೆ ತಗ್ಗಿಸಿಕೊಂಡು ನಮ್ಮ ಮೇಷ್ಟ್ರು. ಸ್ಟೀಲ್ ಡಬ್ಬಿಯ ತುಂಬ ಪ್ರಸಾದ ತಂದಿದ್ದರು. ನನ್ನ ಆರೋಗ್ಯ ವಿಚಾರಿಸಿದರು, ಟೀವಿಯಲ್ಲಿ ಆನೆಯ ಗಾಂಭೀರ್ಯ ನೋಡಿದಿರಾ ಎಂದು ಕೇಳಿದರು, ಕಾಫಿ ಹೊಗಳಿದರು. ಆಮೇಲೆ ಸಾಹೇಬರು ಲೋಟ ಕೆಳಗಿಟ್ಟರು.

“ನೋಡಿ ಮೇಡಂ, ಆ ಸೀಟಿನಲ್ಲಿ ನಿಮ್ಮ ಮೇಷ್ಟ್ರು ಕೂತಿದ್ದನ್ನ ಬೀದಿಯೋರೆಲ್ಲ ನೋಡಿದ್ದಾರೆ. ನಾವೇನೂ ಸುಳ್ಳು ಹೇಳಿಸ್ತಿಲ್ಲ. ಹೊತ್ತನ್ನ ಸ್ವಲ್ಪ ಹಿಂದುಮುಂದು ಮಾಡ್ತಿದ್ದೀವಿ, ಅಷ್ಟೇನೆ.”

ನಾನು ಮಾಡಬೇಕಾದದ್ದು ಇಷ್ಟೆ. ಎಳೆಯಲು ಸಹಾಯಕ್ಕೆಂದು ಬೆಳಗ್ಗೆಯೇ ಮೇಷ್ಟ್ರನ್ನು ನಾನೇ ಕಳಿಸಿದ್ದೆ ಎಂದು ಠಾಣೆಯಲ್ಲಿ ಒಂದು ಮಾತು ಹೇಳಬೇಕು. ಅಳಿಯ ಇನ್ನೂ ಜಾಣ. ಲೈಸೆನ್ಸ್ ಇಲ್ಲದವರು ಕೂತಿದ್ದರೆಂದು ಗೊತ್ತಾದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಿಬಿಡುತ್ತದೆ, ಆ ಬಡ ಹೆಂಗಸಿಗೆ ಏನೂ ಸಿಗುವುದಿಲ್ಲ, ಅವಳ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದ. ಕರುಣೆಯಿಂದ ಅವನ ದನಿ ಒದ್ದೆಯಾಗಿತ್ತು. ಅವಳನ್ನು ಹೋಗಿ ನೋಡಿದಿರಾ ಎಂದು ಕೇಳಿದೆ. ಸಾಹೇಬರಿಗೆ ಆಸ್ಪತ್ರೆಯ ವಾಸನೆ ಆಗುವುದಿಲ್ಲವಂತೆ. ನಾಳೆ ಬೆಳಗ್ಗೆ ಯೋಚಿಸಿ ಹೇಳುತ್ತೇನೆಂದು ಎದ್ದೆ. ಡಬ್ಬಿ ಅಲ್ಲೇ ಉಳಿಯಿತು. ಅದರ ಮುಚ್ಚಳ ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಮೇಷ್ಟ್ರನ್ನು ಹಿಂದಕ್ಕೆ ಕರೆದು ಗೇಟಿನ ಹತ್ತಿರ ನಿಲ್ಲಿಸಿಕೊಂಡೆ. ನಿಮ್ಮ ಮೇಲೆ ಅಜಾಗರೂಕ ಚಾಲನೆಯ ಕೇಸು ಬೀಳುತ್ತದೆ, ಲೈಸೆನ್ಸ್ ಅಮಾನತಾಗುತ್ತದೆ, ಹೆಂಗಸಿನ ಕಾಲು ಮುರಿದ ಮೇಷ್ಟ್ರ ಪಕ್ಕ ಯಾವ ಮನೆಯವರು ಮಗಳನ್ನು ಕಲಿಯಲು ಕೂರಿಸುತ್ತಾರೆ ಎಂದು ಕೇಳಿದೆ. ಅವರಿಗೆ ಇದೆಲ್ಲ ಗೊತ್ತಿತ್ತು.

“ಲೈಸೆನ್ಸ್ ಹೋದ್ರೆ ಮೂರು ತಿಂಗ್ಳೋ ಆರು ತಿಂಗ್ಳೋ ಬುಡಿ ಮೇಡಂ. ಮಗಳ ಸೀಟು ಜೀವಮಾನದ್ದು. ನೀವು ಹೂಂ ಅಂದ್ಬುಟ್ರೆ ಎಲ್ಲಾರ್ಗೂ ಒಳ್ಳೇದಾಯ್ತದೆ.”

ಎಲ್ಲರಿಗೂ ಒಳ್ಳೆಯದು. ಆ ಮಾತು ಅಳಿಯನ ಬಾಯಿಂದ ಅವರ ಬಾಯಿಗೆ ಬಂದದ್ದು. ಒಂದು ಕ್ಷಣ ನನಗೂ ಅದು ನಿಜವಿರಬಹುದೇ ಅನ್ನಿಸಿತು. ಸತ್ಯ ಹೇಳಿ ಆ ಹೆಂಗಸಿಗೆ ಸಿಗುವುದನ್ನು ತಪ್ಪಿಸಿದರೆ ಯಾರಿಗೇನು ಬಂತು?

ಬೆಳಗ್ಗೆ ಮೊದಲು ಆಸ್ಪತ್ರೆಗೆ ಹೋದೆ. ವಾರ್ಡಿನ ಕೊನೆಯ ಮಂಚದಲ್ಲಿ ಕಾಲಿಗೆ ಹೊರಗಿನಿಂದ ಸರಳು ಹಾಕಿಸಿಕೊಂಡು ಮಲಗಿದ್ದಳು. ನಲವತ್ತರ ಆಸುಪಾಸು. ಕಡಕೊಳದವಳು, ಹಬ್ಬಕ್ಕೆಂದು ಕಾಯಿಗಳನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದಿದ್ದಳು. ಉಳಿದ ದಿನಗಳಲ್ಲಿ ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ಕಸ ಗುಡಿಸುವ ಕೆಲಸ. ದಿನಪೂರ್ತಿ ನಿಂತೇ ಮಾಡುವ ಕೆಲಸ ಅದು. ನಾನು ಯಾರೆಂದು ಹೇಳಿದೆ. ಏನಾಯಿತೆಂದು ಕೇಳಿದೆ.

“ರೋಡ್ಗೆ ಬೆನ್ನಾಕ್ಕೊಂಡು ಕಾಯಿ ಜೋಡಿಸ್ತಿದ್ದೆ ಕಣವ್ವ. ಒಂದು ಗಾಡಿ ಸದ್ದು ಮಾಡ್ಕೊಂಡು ಆಚಿಕ್ ತಿರುಗ್ತು, ಓಯ್ತು ಅಂದ್ಕಂಡೆ. ಇಂದ್ಗಡೆ ಇನ್ನೊಂದು ಬತ್ತಾ ಅದೆ ಅಂತ ಎಂಗ್ ಗೊತ್ತಾಯ್ತದೆ? ಅದ್ಕೆ ಸದ್ದೇ ಇರ್ನಿಲ್ಲ.”

ಕಾನೂನು ಬರೆದವರು ಹಗ್ಗ ಕಾಣಬೇಕು, ಅಂತರ ಕಡಿಮೆಯಿರಬೇಕು, ಹಲಗೆ ಇರಬೇಕು ಎಂದದ್ದು ಇವಳಿಗಾಗಿಯೇ. ಸತ್ತ ಕಾರು ಸದ್ದಿಲ್ಲದೆ ಬರುತ್ತದೆ. ಇಷ್ಟು ವರ್ಷ ಪಾಠ ಹೇಳಿಯೂ ಇದನ್ನು ನಾನು ಹೀಗೆ ಯೋಚಿಸಿರಲಿಲ್ಲ. ಓಡಿಸುತ್ತಿದ್ದವರ ಮುಖವನ್ನು ಅವಳು ನೋಡಿರಲಿಲ್ಲ. ಯಾರಾದರೂ ಬಂದಾರೆಂದು ಕಾದಳಂತೆ; ಯಾರೂ ಬರಲಿಲ್ಲ.

ಆಸ್ಪತ್ರೆಯಿಂದ ನೇರವಾಗಿ ಒಬ್ಬ ವಕೀಲೆಯ ಮನೆಗೆ ಹೋದೆ. ನಮ್ಮಲ್ಲೇ ಕಲಿತ ಹುಡುಗಿ, ಅಪಘಾತ ಪರಿಹಾರದ ಕೇಸುಗಳನ್ನೇ ನಡೆಸುವವಳು. ಅಳಿಯ ಹೇಳಿದ್ದನ್ನು ಹೇಳಿದೆ. ಅವಳು ನಕ್ಕುಬಿಟ್ಟಳು. ಇಂಥ ಕಡೆ ಟ್ರಿಬ್ಯುನಲ್ ಸಾಮಾನ್ಯವಾಗಿ ಪೆಟ್ಟಾದವರಿಗೆ ಮೊದಲು ನೀನು ಕೊಡು, ಆಮೇಲೆ ಕಾರಿನ ಮಾಲೀಕರಿಂದ ವಸೂಲು ಮಾಡಿಕೋ ಎಂದು ಕಂಪನಿಗೆ ಹೇಳುತ್ತದೆ ಮೇಡಂ, ಆ ಹೆಂಗಸಿಗೆ ಏನೂ ತಪ್ಪುವುದಿಲ್ಲ, ಈ ಸುಳ್ಳಿನಿಂದ ಉಳಿಯುವುದು ಸಾಹೇಬರ ಜೇಬು ಮಾತ್ರ ಎಂದಳು.

ಹಾಗಾದರೆ ಆ ಒದ್ದೆ ದನಿ, ಬಡ ಹೆಂಗಸಿನ ಹೊಟ್ಟೆ, ಎಲ್ಲರಿಗೂ ಒಳ್ಳೆಯದು, ಇಷ್ಟೂ ನಾಟಕ. ಮುರಿದ ಕಾಲನ್ನೇ ಮುಂದಿಟ್ಟುಕೊಂಡು ತಮ್ಮ ಚರ್ಮ ಉಳಿಸಿಕೊಳ್ಳಲು ಹೊರಟಿದ್ದರು. ನಾನು ಅದನ್ನು ನಂಬುವ ತನಕ ಬಂದಿದ್ದೆನೆಂದು ನೆನೆದು ನನ್ನ ಮೇಲೂ ಅಸಹ್ಯವಾಯಿತು. ಸಾಹೇಬರಿಗೆ ಫೋನ್ ಮಾಡಿ ತಿಳಿಸುವ ಸೌಜನ್ಯವನ್ನೂ ತೋರದೆ ಠಾಣೆಯ ಕಡೆ ಸ್ಕೂಟರ್ ತಿರುಗಿಸಿದೆ.

ಅವರು ನನಗಿಂತ ಮೊದಲೇ ಬಂದಿದ್ದರು. ಸಾಹೇಬರಿಗೆ ಕುರ್ಚಿ ಹಾಕಿತ್ತು, ಟೀ ಬಂದಿತ್ತು. ದಸರೆಯ ನಿದ್ದೆಗೇಡಿನಿಂದ ಕಣ್ಣು ಕೆಂಪಾಗಿದ್ದ ಸಬ್ ಇನ್‌ಸ್ಪೆಕ್ಟರ್ ಕೇಸನ್ನು ಬೇಗ ಬರೆದು ಮುಗಿಸುವ ಅವಸರದಲ್ಲಿದ್ದರು. ಮೇಷ್ಟ್ರು ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದರು. ನಾನೇ ಓಡಿಸ್ತಿದ್ದೆ ಸರ್ ಎಂದು ಆಗಲೇ ಹೇಳಿ ಆಗಿತ್ತು.

ನಾನು ಹೆಸರು ಹೇಳಿ, ಆ ಹೊತ್ತಿನಲ್ಲಿ ಇವರು ನನ್ನ ಅಂಗಳದಲ್ಲಿ ಕುಂಬಳಕಾಯಿ ಒಡೆಯುತ್ತಿದ್ದರು, ನೋಡಿದವರು ಬೇಕಾದಷ್ಟು ಜನ ಇದ್ದಾರೆ ಎಂದೆ. ಸಾಹೇಬರು ನನ್ನತ್ತ ತಿರುಗಿ ನೋಡಲೂ ಇಲ್ಲ. ಸಬ್ ಇನ್‌ಸ್ಪೆಕ್ಟರ್ ಬೇಸತ್ತ ದನಿಯಲ್ಲಿ, ಅವರೇ ಒಪ್ಪಿಕೊಳ್ಳುತ್ತಿದ್ದಾರೆ, ನಿಮಗೇನಮ್ಮ ತೊಂದರೆ ಎಂದರು. ಮೇಷ್ಟ್ರು, ಮೇಡಂಗೆ ಹೊತ್ತು ಸರಿಯಾಗಿ ನೆನಪಿಲ್ಲ ಸರ್ ಎಂದು ಸೇರಿಸಿದರು. ನನ್ನ ಎದುರೇ. ಇಷ್ಟು ವರ್ಷ ಒಂದೇ ಫ್ಲಾಸ್ಕಿನ ಕಾಫಿ ಕುಡಿದವರು.

ಇನ್ನು ಇವರ ಆತ್ಮಸಾಕ್ಷಿಯ ಜೊತೆ ಮಾತಾಡಿ ಉಪಯೋಗವಿಲ್ಲ ಅನ್ನಿಸಿತು. ಮೇಷ್ಟ್ರನ್ನು ಬಿಟ್ಟು ಸಬ್ ಇನ್‌ಸ್ಪೆಕ್ಟರ್ ಕಡೆ ತಿರುಗಿದೆ.

“ಹಾಗಾದ್ರೆ ಪೂರ್ತಿ ಬರ್ಕೊಳ್ಳಿ ಸರ್. ಊರಿಗೆಲ್ಲ ಕಾರು ಕಲಿಸೋ ಮೇಷ್ಟ್ರು, ಸ್ಟಿಯರಿಂಗ್ ಲಾಕ್ ಆಗುತ್ತೆ ಅನ್ನೋದೂ ತಿಳೀದೆ, ಕೀ ಕಿತ್ತು ತಟ್ಟೆಗೆ ಹಾಕೋಕೆ ಕೊಟ್ಟು ಕಾರು ಎಳೆಸ್ಕೊಂಡ್ರು ಅಂತ ಬರೀರಿ. ಮೊದಲ್ನೇ ದಿನ ಕಲಿಯೋಕೆ ಬರೋರಿಗೂ ಗೊತ್ತಿರೋ ವಿಷಯ ಅದು.”

ಸಬ್ ಇನ್‌ಸ್ಪೆಕ್ಟರ್ ಪೆನ್ನು ಎತ್ತಿ ಅದೇನು ಕೀ ವಿಷಯ ಎಂದು ಕೇಳಿದರು. ನಾನು ಹೂವಿನ ಅಂಗಡಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಪೇದೆ ಕಿಸಕ್ಕೆಂದು ನಕ್ಕ. ಯಾವ ಸ್ಕೂಲು ಸ್ವಾಮಿ ನಿಮ್ಮದು, ನನ್ನ ಮಗನನ್ನು ಅಲ್ಲಿಗೆ ಕಳಿಸೋದು ಬೇಡ ಎಂದ. ಮೇಷ್ಟ್ರ ಕಿವಿ ಕೆಂಪಾಯಿತು. ಕಟ್ಟಿದ ಕೈ ಬಿಚ್ಚಿದರು.

“ನಾನು ಅಷ್ಟು ದಡ್ಡ ಅಲ್ಲ ಸರ್. ನಾನು ಆ ಸೀಟಲ್ಲಿ ಇದ್ದಿದ್ರೆ ಕೀ ಮುಟ್ಟೋಕೆ ಯಾರ್ಗಾದ್ರೂ ಬುಡ್ತಿದ್ನಾ? ನಾನು ಹೋಗೋ ಹೊತ್ಗೆ ಎಲ್ಲಾ ಆಗೋಗಿತ್ತು. ಕೀ ಹಾಕಿ ಲಾಕ್ ಬುಡ್ಸಿದ್ದೇ ನಾನು.”

ಸಾಹೇಬರ ಕೈಯಲ್ಲಿದ್ದ ಟೀ ಲೋಟ ಮೇಜಿಗೆ ಬಂತು. ಹಾಗಾದರೆ ಸೀಟಿನಲ್ಲಿ ಇದ್ದವರು ಯಾರು ಎಂದು ಸಬ್ ಇನ್‌ಸ್ಪೆಕ್ಟರ್ ಕೇಳಿದರು. ಪೇದೆಯ ಕಣ್ಣು ಸಾಹೇಬರ ಕುರ್ಚಿಯತ್ತ ಹೊರಳಿತು. ಮೇಷ್ಟ್ರು ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ.

ಗೆದ್ದೆನೆಂದು ಸಂತೋಷಪಡಬೇಕಾಗಿತ್ತು. ಹೊರಗೆ ಬಂದು ಠಾಣೆಯ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಒಬ್ಬ ಹೆಂಗಸಿನ ಕಾಲು ಮುರಿದವನು ನಾನು ಎಂದು ಒಪ್ಪಿಕೊಳ್ಳಲು ಈ ಮನುಷ್ಯನಿಗೆ ನಾಚಿಕೆಯಾಗಿರಲಿಲ್ಲ. ಕೀ ಇಲ್ಲದೆ ಕೂತಿದ್ದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಅವರ ಲೈಸೆನ್ಸ್ ಉಳಿಸಿದ್ದು ಅವರ ಜಂಬ, ಆ ಜಂಬವನ್ನು ಚುಚ್ಚಿದವಳು ನಾನು. ನಿಜ ಹೊರಬಂದ ದಾರಿ ಇದು. ಇದಕ್ಕಿಂತ ಒಳ್ಳೆಯ ದಾರಿ ನಮ್ಮಲ್ಲಿ ಒಬ್ಬರ ಹತ್ತಿರವೂ ಇರಲಿಲ್ಲ.

ಕೇಸು ಸಾಹೇಬರ ಹೆಸರಿಗೇ ಆಯಿತು. ಮೇಷ್ಟ್ರು ಸ್ವಲ್ಪ ದಿನ ಮುಖ ಗಂಟು ಹಾಕಿಕೊಂಡು ಕೆಲಸಕ್ಕೆ ಬಂದರು. ಬೇಸಿಗೆ ಕಳೆದ ಮೇಲೆ ಒಂದು ಬೆಳಗ್ಗೆ ಸಿಹಿಯ ಪೊಟ್ಟಣ ತಂದು ಮೇಜಿನ ಮೇಲಿಟ್ಟರು. ಮಗಳಿಗೆ ಸೀಟು ಸಿಕ್ಕಿತ್ತು, ಆ ಕಾಲೇಜಿನಲ್ಲೇ. ಇನ್ನು ಮೇಲೆ ಸಾಹೇಬರ ಮನೆಯಲ್ಲಿ ಕಾರು ಓಡಿಸುತ್ತೇನೆ ಎಂದರು. ಸಾಹೇಬರಿಗೆ ಲೈಸೆನ್ಸ್ ಇಲ್ಲ, ಅಳಿಯ ಊರಲ್ಲಿ ಇರುವುದಿಲ್ಲ, ನಂಬಿಕಸ್ಥ ಡ್ರೈವರ್ ಬೇಕಾಗಿತ್ತಂತೆ. ನಂಬಿಕಸ್ಥ ಎಂಬ ಮಾತನ್ನು ಅವರು ನನ್ನ ಮುಖ ನೋಡಿಕೊಂಡೇ ಹೇಳಿದರು.

ಪರಿಹಾರದ ಕೇಸಿನಲ್ಲಿ ನಾನು ಸಾಕ್ಷಿ. ವಿಚಾರಣೆಯ ದಿನ ಕೋರ್ಟಿನ ಎದುರು ರಸ್ತೆ ದಾಟಿಸಲು ಆ ಹೆಂಗಸಿನ ತೋಳು ಹಿಡಿದುಕೊಂಡಿದ್ದೆ. ಅವಳ ಕಾಲು ಇನ್ನೂ ಮಡಿಚುವುದಿಲ್ಲ, ಊರುಗೋಲಿನಲ್ಲಿ ಒಂದೊಂದೇ ಹೆಜ್ಜೆ. ಫ್ಯಾಕ್ಟರಿಯ ಕೆಲಸ ಹೋಗಿದೆ. ಗಾಡಿಗಳು ನಮ್ಮನ್ನು ಸುತ್ತುಹಾಕಿಕೊಂಡು ನುಗ್ಗುತ್ತಿದ್ದವು. ಆಗ ಒಂದು ದೊಡ್ಡ ಕಾರು ಸಾಕಷ್ಟು ದೂರದಲ್ಲೇ ವೇಗ ಇಳಿಸಿ, ಗೆರೆಯ ಹಿಂದೆ ಅಚ್ಚುಕಟ್ಟಾಗಿ ನಿಂತಿತು. ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಚಾಚಿ ಹಿಂದಿನವರನ್ನೂ ತಡೆದು, ನಿಧಾನಕ್ಕೆ ಹೋಗಿ ಎಂದು ಅವಳಿಗೆ ಸನ್ನೆ ಮಾಡಿದರು. ನಮ್ಮ ಮೇಷ್ಟ್ರು. ಹಿಂದಿನ ಸೀಟಿನಲ್ಲಿ ಸಾಹೇಬರು ಪೇಪರ್ ಓದುತ್ತಿದ್ದರು.

ಅವಳು ಆ ಕಡೆಯ ಫುಟ್‌ಪಾತ್ ಹತ್ತಿ, ಉಸಿರು ತೆಗೆದುಕೊಂಡು, ಹಿಂದೆ ತಿರುಗಿ ಕಾರಿನತ್ತ ಕೈಮುಗಿದಳು.

“ಅಂತೋರೂ ಅವ್ರೆ ನೋಡವ್ವ. ಯಾರೋ ಏನೋ, ಒಳ್ಳೇ ಡ್ರೈವರ್ರು.”

ಹೌದು, ಒಳ್ಳೆಯ ಡ್ರೈವರ್ ಎಂದೆ. ಅವರು ಯಾರು, ಹಿಂದೆ ಕೂತವರು ಯಾರು ಎಂದು ಅವಳಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ.